ಅಣ್ಣನ ಗಾಲಿಯ ಮುಳ್ಳು

ಹೋದ ತಿಂಗಳು ಸೊಲ್ಲಾಪುರದಲ್ಲಿ ನಾನು ಕೂತಿದ್ದ ಆಟೋ ಪಂಕ್ಚರ್ ಆಯಿತು. ಸಕ್ಕರೆ ಕಾಯಿಲೆಯ ಗುಳಿಗೆ ತರಲು ಹೊರಟಿದ್ದೆ. ಡ್ರೈವರ್ ಇಳಿದು, ಗಾಲಿಗೆ ಒಮ್ಮೆ ಒದ್ದು, ಆಟೋವನ್ನು ಪಕ್ಕದ ಪಂಕ್ಚರ್ ಅಂಗಡಿಗೆ ನೂಕಿಕೊಂಡು ಹೋದ. ನಾನು ಅಂಗಡಿಯ ಮುಂದೆ ಬಿದ್ದಿದ್ದ ಹಳೆಯ ಟೈರಿನ ಮೇಲೆ ಕೂತೆ. ಅಂಗಡಿಯವನು ಟ್ಯೂಬನ್ನು ಹೊರಗೆಳೆದು, ತೂತಿನ ಸುತ್ತ ಅರದಂಥ ಕಾನಸಿನಿಂದ ಉಜ್ಜಿ, ಡಬ್ಬಿಯ ಮುಚ್ಚಳ ತೆಗೆದು ಬೆರಳಿನಿಂದಲೇ ಸಲ್ಯೂಷನ್ ಹಚ್ಚಿದ. ಆ ವಾಸನೆ... ಪೆಟ್ರೋಲೂ ಅಲ್ಲ, ರಬ್ಬರೂ ಅಲ್ಲ, ಮೂಗಿನೊಳಗೆ ಸಣ್ಣಗೆ ಚುಚ್ಚುವ ಆ ವಾಸನೆ. ನಮ್ಮ ಎದುರುಮನೆಯ ಅಣ್ಣನ ಬೆರಳುಗಳಿಗೆ ಸದಾ ಇದೇ ವಾಸನೆ ಇರುತ್ತಿತ್ತು. ಅನ್ನ ಕಲಸುವಾಗಲೂ ಹೋಗುತ್ತಿರಲಿಲ್ಲ ಎಂದು ಅವನ ತಾಯಿ ಬೈಯುತ್ತಿದ್ದರು.

ಅವನು ತೀರಿಕೊಂಡು ವರ್ಷವಾಗುತ್ತ ಬಂತು. ನಾನು ಮೆಟ್ರಿಕ್ ತನಕ ಕನ್ನಡ ಸಾಲೆಯಲ್ಲಿ ಓದಿದವನು, ಬರೆದು ರೂಢಿಯಿಲ್ಲ. ಆದರೂ ಬರೆಯಬೇಕಾಗಿದೆ. ಯಾಕೆಂದರೆ ಅವನು ಬದುಕಿರುವ ತನಕ ನನ್ನ ಬಗ್ಗೆ ಒಂದು ಕತೆಯನ್ನು ಸೊಲ್ಲಾಪುರದಿಂದ ನಮ್ಮ ಹಳ್ಳಿ ಕರಜಗಿಯವರೆಗೆ ಹೇಳಿಕೊಂಡು ತಿರುಗಿದ. ಆ ಕತೆ ನಿಜವಲ್ಲ. ಅವನು ಸುಳ್ಳು ಹೇಳಲಿಲ್ಲ, ಹಾಗೆಂದೇ ನಂಬಿದ್ದ. ನಿಜ ಏನೆಂದು ಗೊತ್ತಿದ್ದವನು ನಾನೊಬ್ಬನೇ.

ನಮ್ಮಿಬ್ಬರ ಮನೆಯವರೂ ಕರಜಗಿಯಿಂದ ಹೊಟ್ಟೆಪಾಡಿಗೆ ಸೊಲ್ಲಾಪುರಕ್ಕೆ ಬಂದವರು. ಒಂದೇ ಚಾಳಿನಲ್ಲಿ ಎದುರುಬದುರು ಮನೆ. ನಡುವೆ ಒಂದು ಗಟಾರ. ಅವನ ತಾಯಿ ಆ ಹೊಸ್ತಿಲಲ್ಲಿ, ನನ್ನ ತಾಯಿ ಈ ಹೊಸ್ತಿಲಲ್ಲಿ ಮೊರ ತೊಡೆಯ ಮೇಲಿಟ್ಟುಕೊಂಡು ಬೀಡಿ ಕಟ್ಟುತ್ತ, ಗಟಾರದ ಮೇಲಿಂದಲೇ ಇಡೀ ಕರಜಗಿಯ ಸುದ್ದಿ ಮಾತಾಡುತ್ತಿದ್ದರು. ಅವನು ನನಗಿಂತ ನಾಲ್ಕೈದು ವರ್ಷ ದೊಡ್ಡವನು. ಒಡಹುಟ್ಟಿದ ಅಣ್ಣನಲ್ಲ. ಆದರೆ ನನಗೆ ಬೇರೆ ಅಣ್ಣ ಇರಲಿಲ್ಲ, ಅವನಿಗೆ ತಮ್ಮ ಇರಲಿಲ್ಲ.

ಸೈಕಲ್ ಕಲಿಸಿದವನು ಅವನೇ. ಬಾಡಿಗೆಯ ಸೈಕಲ್ ತಂದು ಬಟ್ಟೆ ಗಿರಣಿಯ ಹಿಂದಿನ ಬಯಲಿಗೆ ಕರೆದೊಯ್ಯುತ್ತಿದ್ದ. ಸೀಟು ನನ್ನ ಎದೆಗೆ ಬರುತ್ತಿತ್ತು. ಆ ಕಾಲದ ಹುಡುಗರೆಲ್ಲರಂತೆ ನಾನೂ ನಡುವಿನ ದಂಡಿಗೆಯ ಕೆಳಗಿಂದ ಒಂದು ಕಾಲು ತೂರಿಸಿ, ಮೈ ಸೊಟ್ಟ ಮಾಡಿಕೊಂಡು ಕತ್ತರಿ ತುಳಿಯುತ್ತಿದ್ದೆ. ಬೇರೆಯವರ ಅಣ್ಣಂದಿರು ಹಿಂದಿನಿಂದ ಕ್ಯಾರಿಯರ್ ಹಿಡಿದು ಓಡುತ್ತಿದ್ದರು. ನಮ್ಮ ಅಣ್ಣನ ರೀತಿಯೇ ಬೇರೆ. ಅವನು ಮುಂದೆ ನಿಂತು, ನನ್ನ ಕಡೆ ಮುಖ ಮಾಡಿ, ಎರಡೂ ಕೈ ಅಗಲಿಸಿಕೊಂಡು ಹಿಂದೆ ಹಿಂದೆ ಓಡುತ್ತಿದ್ದ.

“ನನ್ನ ಮ್ಯಾಲೆ ಹಾಯಿಸು! ಧಮ್ ಇದ್ರ ಹಾಯಿಸು ನೋಡೂಣು!”

ಅವನ ಮೇಲೆ ಹಾಯಿಸಬೇಕೆಂಬ ಹಟದಲ್ಲಿ ಬೀಳುವುದೇ ಮರೆತುಹೋಗುತ್ತಿತ್ತು. ಒಂದು ದಿನ ಹಾಯಿಸಿಯೇಬಿಟ್ಟೆ. ಅವನು ಗಿರಣಿಯವರು ಸುರಿದಿದ್ದ ಹತ್ತಿಯ ಕಸದ ಗುಡ್ಡೆಯಲ್ಲಿ ಅಂಗಾತ ಬಿದ್ದು, ತಲೆಗೂದಲಲ್ಲೆಲ್ಲ ಬಿಳಿ ಎಳೆ ಹತ್ತಿಸಿಕೊಂಡು, “ಕಲ್ತಿ ಲೇ ಮಗಾ! ಕಲ್ತಿ!” ಎಂದು ಕೂಗಿದ. ನನ್ನ ಮೊಣಕಾಲು ಕೆತ್ತಿ ರಕ್ತ ಬರುತ್ತಿತ್ತು. ಅಷ್ಟು ಸಂತೋಷದ ದಿನ ನನ್ನ ಆಯುಷ್ಯದಲ್ಲಿ ಹೆಚ್ಚು ಬರಲಿಲ್ಲ.

ದೊಡ್ಡವನಾದ ಮೇಲೆ ಅವನು ಪವರ್‌ಲೂಮಿನಲ್ಲಿ ಟಾವೆಲ್ ನೇಯುವ ಕೆಲಸಕ್ಕೆ ಸೇರಿದ. ಜೀವವೆಲ್ಲ ಮಾತ್ರ ರೇಸಿನಲ್ಲಿ. ಆಗ ಊರೂರಲ್ಲಿ ಸೈಕಲ್ ಶರ್ಯತ್ತು ಇರುತ್ತಿದ್ದವು. ಪೇಠೆಯ ಸಾಹುಕಾರರ ಮಕ್ಕಳಿಗೆ ಪುಣೆಯಿಂದ ತಂದ ರೇಸಿಂಗ್ ಸೈಕಲ್ ಇತ್ತು. ನಮಗೆಲ್ಲಿಂದ ಬರಬೇಕು? ಅಣ್ಣ ಹಳೆಯ ಕಬ್ಬಿಣ ಮಾರುವ ಭಂಗಾರದಂಗಡಿಯಲ್ಲಿ ವಾರಗಟ್ಟಲೆ ಹುಡುಕಿ ಒಂದು ಬಾಗಿದ ರೇಸ್ ಹ್ಯಾಂಡಲ್, ಎರಡು ತೆಳುಗಾಲಿ ತಂದ. ಎಲ್ಲಿಂದಲೋ ಹಳೆಯ ಚೌಕಟ್ಟು ಸಿಕ್ಕಿತು. ಯಾರದೋ ಮನೆಯ ಕಿಟಕಿಗೆ ಹಚ್ಚಿ ಉಳಿದಿದ್ದ ಕೆಂಪು ಬಣ್ಣ ಬಳಿದ. ಹ್ಯಾಂಡಲ್‌ಗೆ ಸುತ್ತುವ ಪಟ್ಟಿ ಇರಲಿಲ್ಲ. ಮಗ್ಗದಲ್ಲಿ ಕತ್ತರಿಸಿ ಬಿಸಾಡುವ ಟಾವೆಲ್ಲಿನ ಅಂಚು ಸುತ್ತಿದ. ಬೆವರು ಹೀರಲು ಅದಕ್ಕಿಂತ ಒಳ್ಳೆಯದು ಪುಣೆಯಲ್ಲೂ ಸಿಗುತ್ತಿರಲಿಲ್ಲ ಅನ್ನಿ.

ನನಗೂ ಒಂದು ಮಾಡಿಕೊಟ್ಟ. ನನ್ನ ಅಪ್ಪನ ಕರಿಯ ಸೈಕಲ್ಲಿನ ಮಡ್‌ಗಾರ್ಡು, ಕ್ಯಾರಿಯರ್, ಸ್ಟ್ಯಾಂಡು, ಚೈನ್‌ಕವರ್ ಎಲ್ಲ ಬಿಚ್ಚಿಟ್ಟ. ಹ್ಯಾಂಡಲ್ಲನ್ನು ತೆಗೆದು ತಲೆಕೆಳಗೆ ಮಾಡಿ ಕೂಡಿಸಿದ. ಬಗ್ಗಿ ಹಿಡಿದರೆ ರೇಸ್ ಸೈಕಲ್ಲೇ. ಅಪ್ಪ ಹೊರಗೆ ಬಂದು ನೋಡಿ, “ಇದೇನೋ, ಕೋಳಿ ಪುಚ್ಚ ತರದಂಗ ಮಾಡೀರಿ?” ಎಂದರು. ಅಣ್ಣ, “ಕಾಕಾ, ಓಡೂದ ನೋಡ್ರಿ, ಪುಚ್ಚ ನೋಡಬ್ಯಾಡ್ರಿ” ಎಂದ.

ಸಂಜೆ ಕೆಲಸ ಬಿಟ್ಟ ಮೇಲೆ ಇಬ್ಬರೂ ಅಕ್ಕಲಕೋಟದ ರಸ್ತೆ ಹಿಡಿಯುತ್ತಿದ್ದೆವು. ಅವನು ಮುಂದೆ, ನಾನು ಅವನ ಹಿಂದಿನ ಗಾಲಿಗೆ ಅಂಟಿಕೊಂಡಂತೆ. ಹಾಗೆ ಹೋದರೆ ಹಿಂದಿನವನಿಗೆ ಗಾಳಿ ಹತ್ತುವುದಿಲ್ಲ. ಗಾಳಿಯನ್ನೆಲ್ಲ ಅವನೇ ಎದೆಗೆ ತಗೊಳ್ಳುತ್ತಿದ್ದ. ಜಕಾತಿ ನಾಕಾದ ಹತ್ತಿರ ಚಹಾದ ಅಂಗಡಿಯವನೊಬ್ಬ ನಮ್ಮನ್ನು ಕಂಡಾಗಲೆಲ್ಲ, “ಬಂತ ನೋಡ್ರಿ ರೈಲ್ ಎಂಜಿನ್ನು, ಹಿಂದ ಡಬ್ಬಿ” ಎನ್ನುತ್ತಿದ್ದ. ಚಾಳಿನಲ್ಲಿ ನನಗೆ ಡಬ್ಬಿ ಎಂದೇ ಹೆಸರು ಬಿತ್ತು. ಹೆಂಗಸರು ನೀರಿಗೆ ನಿಂತಾಗಲೂ, “ಏ ಡಬ್ಬಿ, ನಿನ್ನ ಎಂಜಿನ್ ಎಲ್ಲಿ ಹೋಗ್ಯಾನ?” ಎಂದು ಕೇಳುತ್ತಿದ್ದರು. ಎಲ್ಲರೂ ನಗುತ್ತಿದ್ದರು, ನಾನೂ ನಗುತ್ತಿದ್ದೆ. ನಗು ಮುಗಿದ ಮೇಲೆ ಒಳಗೆ ಏನೋ ಉಳಿಯುತ್ತಿತ್ತು...

ನಮ್ಮ ಕಡೆಯ ರಸ್ತೆಯ ಬದಿಗೆಲ್ಲ ಜಾಲಿ. ಮುಳ್ಳಿಲ್ಲದ ದಿನವೇ ಇಲ್ಲ. ಮುಳ್ಳಿನ ವಿಷಯದಲ್ಲಿ ನಮ್ಮ ಸೈಕಲ್ ಮಂದಿಗೆಲ್ಲ ಒಂದು ನೇಮವಿತ್ತು. ಅಣ್ಣ ನನಗೆ ಅದನ್ನು ಮೊದಲ ದಿನವೇ ಹೇಳಿದ್ದ.

“ಕಾಲಾಗ ಮುಳ್ಳ ಹೋದ್ರ ಕೀಳಬೇಕು. ಗಾಲ್ಯಾಗ ಹೋದ್ರ ಕೀಳಬಾರ್ದು, ತಿಳೀತ? ಒಳಗ ಇದ್ರ ಅದ ಬಾಟ್ಲಿ ಬೂಚ ಇದ್ದಂಗ. ಕಿತ್ತಿದಿ, ಗಾಳಿ ಹೋತು. ಅಂಗಡಿ ಬರೂತನಾ ಹಂಗ ಹೊಡಕೋತ ಬಾ.”

ಎಷ್ಟೋ ಸಲ ಹಾಗೇ ಬಂದಿದ್ದೇವೆ. ಟೈರಿನಲ್ಲಿ ಮುಳ್ಳಿನ ಬುಡ ಕಾಣುತ್ತಿರುತ್ತದೆ, ಗಾಲಿ ಕಲ್ಲಿನಂತೆ ಗಟ್ಟಿ ಇರುತ್ತದೆ. ಊರು ಮುಟ್ಟಿ, ಸಲ್ಯೂಷನ್ ಡಬ್ಬಿ ತೆಗೆದು ಇಟ್ಟುಕೊಂಡ ಮೇಲೆಯೇ ಅವನು ಮುಳ್ಳಿಗೆ ಕೈ ಹಚ್ಚುತ್ತಿದ್ದ.

ಆ ವರ್ಷ ಒಂದು ಗಿರಣಿಯವರು ದೊಡ್ಡ ರೇಸ್ ಇಟ್ಟರು. ಅಕ್ಕಲಕೋಟದಿಂದ ಸೊಲ್ಲಾಪುರದ ಗಿರಣಿ ಗೇಟಿನ ತನಕ. ಮೊದಲು ಬಂದವನನ್ನು ಗಿರಣಿಯ ಸೈಕಲ್ ತಂಡಕ್ಕೆ ತಗೊಂಡು ಪರ್ಮನೆಂಟ್ ಕೆಲಸ ಕೊಡುತ್ತೇವೆ ಎಂದು ಸಾರಿದರು. ಪರ್ಮನೆಂಟ್ ಎಂದರೆ ಆಗ ಏನು ಎಂಬುದನ್ನು ಈಗಿನವರಿಗೆ ಹೇಳುವುದು ಕಷ್ಟ. ಗಿರಣಿಯ ಭೋಂಗಾ ಕೂಗಿದರೆ ಅದು ನಮ್ಮನ್ನೇ ಕರೆದಂತೆ ಇರುತ್ತಿತ್ತು. ಗಿರಣಿಯ ದವಾಖಾನೆ, ಗಿರಣಿಯ ರಜೆ, ಮುಪ್ಪಿಗೊಂದು ಆಸರೆ.

ಅಣ್ಣನಿಗೆ ಅದರಲ್ಲಿ ಇನ್ನೊಂದು ಗಂಟಿತ್ತು. ಕುರನೂರಿನ ಹುಡುಗಿಯನ್ನು ನೋಡಿ ಬಂದಿದ್ದ, ಅವಳೂ ಒಪ್ಪಿದ್ದಳು. ಹುಡುಗಿಯ ತಂದೆ ಮಾತ್ರ ಚಾಳಿಗೆ ಬಂದು, ಗೋಡೆಗೆ ಒರಗಿ ಕೂತು, ತಂಬಾಕು ತಿಕ್ಕುತ್ತ ಹೇಳಿದ್ದರು: “ಮಗ್ಗದ ಧೂಳ ತಿನ್ನವಗ ನಮ್ಮ ಹುಡುಗೀನ ಕೊಡಾಂಗಿಲ್ರಿ. ಗಿರಣ್ಯಾಗ ಪರ್ಮನೆಂಟ್ ಆಗ್ಲಿ, ಮರುದಿನಾನ ಅಕ್ಕಿಕಾಳ ಹಾಕ್ತೀನಿ.”

ಆ ರೇಸಿಗೆ ನನ್ನನ್ನು ಹುರಿದುಂಬಿಸಿದವನೂ ಅವನೇ. “ನೀ ಹಿಂದ ಇದ್ರ ನನಗ ಹುರುಪು. ನಾ ಮೊದಲ, ನೀ ಎರಡನೇದು. ಪೇಠಿ ಪೋರಗೋಳು ಧೂಳ ನೆಕ್ಕಲಿ.”

ಎರಡನೆಯದು. ಅವನು ಪ್ರೀತಿಯಿಂದಲೇ ಅಂದದ್ದು. ನನಗೆ ಹದಿನೆಂಟು ತುಂಬಿತ್ತು. ಮೆಟ್ರಿಕ್ ಮುಗಿಸಿ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುವ ಕೂಲಿಗೆ ಹೋಗುತ್ತಿದ್ದೆ. ಅಪ್ಪ ಕೆಮ್ಮುತ್ತ ಮನೆ ಹಿಡಿದಿದ್ದರು. ಆ ಕೆಲಸ ನನಗೂ ಬೇಕಾಗಿತ್ತು. ಆದರೆ ಇವೆಲ್ಲ ನಾನು ಆಮೇಲೆ ಕೂಡಿಸಿಕೊಂಡ ಕಾರಣಗಳು. ನಿಜ ಹೇಳಬೇಕೆಂದರೆ, ಒಂದು ಸಲ, ಒಂದೇ ಸಲ, ಅವನ ಬೆನ್ನು ನನ್ನ ಕಣ್ಣ ಮುಂದೆ ಇಲ್ಲದ ರಸ್ತೆಯನ್ನು ನೋಡಬೇಕಿತ್ತು ನನಗೆ.

ರೇಸಿನ ಹಿಂದಿನ ದಿನವೇ ಅಕ್ಕಲಕೋಟಕ್ಕೆ ಹೋಗಿ, ಊರಾಚೆ ತೋಟದಲ್ಲಿದ್ದ ಅವನ ಸೋದರತ್ತೆಯ ಮನೆಯಲ್ಲಿ ಉಳಿದೆವು. ಬೆಳಿಗ್ಗೆ ಹೊಲದ ದಾರಿಯಿಂದ ಡಾಂಬರು ರಸ್ತೆಗೆ ಬಂದೆವು. ಮಂದಿ ನೆರೆದಿದ್ದರು. ಅಣ್ಣ ತನ್ನ ಸೈಕಲ್ಲನ್ನು ನನ್ನ ಕೈಗೆ ಕೊಟ್ಟು, “ಎರಡೂ ಹಿಡಕೊ ತಮ್ಮಾ, ನನ್ನ ಹೆಸರ, ನಿನ್ನ ಹೆಸರ ಎರಡೂ ಬರೆಸಿ ಬರ್ತೀನಿ” ಎಂದು ಮೇಜಿನ ಕಡೆಗೆ ಹೋದ.

ನಾನು ಸುಮ್ಮನೆ ಅವನ ಹಿಂದಿನ ಗಾಲಿ ತಿರುಗಿಸುತ್ತಿದ್ದೆ. ಮುಳ್ಳು ಕಂಡಿತು. ಹೊಲದ ದಾರಿಯಲ್ಲಿ ಹೊಕ್ಕಿರಬೇಕು. ಸಣ್ಣದು, ಬುಡ ಮುರಿದದ್ದು. ಅವನನ್ನು ಕೂಗಿ ಹೇಳಿದ್ದರೆ ಬಂದು ನೋಡಿ, “ಇರ್ಲಿ ಬಿಡು, ಸೊಲ್ಲಾಪುರ ತನಾ ಬೂಚ ಇರ್ತದ” ಎನ್ನುತ್ತಿದ್ದ. ನನಗದು ಗೊತ್ತಿತ್ತು. ಎರಡು ಉಗುರಿನಲ್ಲಿ ಹಿಡಿದು ಕಿತ್ತೆ. ಬೆರಳಿಗೆ ಉಗುಳು ಹಚ್ಚಿ ತೂತಿನ ಮೇಲೆ ಇಟ್ಟು ನೋಡಿದೆ. ಒಂದು ಸಣ್ಣ ಗುಳ್ಳೆ ಎದ್ದಿತು, ಒಡೆಯಿತು. ಇನ್ನೊಂದು ಎದ್ದಿತು.

ಗೆಳೆಯನ ಗಾಲಿಯ ಮುಳ್ಳು ಕಿತ್ತೆ, ಇದರಲ್ಲಿ ಏನು ತಪ್ಪು ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಆದರೆ ಆ ಗುಳ್ಳೆ ನೋಡಿದ ಮೇಲೆ ಬಾಯಿ ಮುಚ್ಚಿಕೊಂಡು ನಿಂತವನೂ ನಾನೇ.

ಅವನು ಬಂದು ಎಂದಿನಂತೆ ಎರಡೂ ಗಾಲಿ ಒತ್ತಿ ನೋಡಿದ. ಸಣ್ಣ ತೂತು, ಗಾಳಿ ಇನ್ನೂ ಇಳಿದಿರಲಿಲ್ಲ. “ಕಲ್ಲ ಆಗ್ಯಾವ ನೋಡು,” ಎಂದ.

“ಹೌದಣ್ಣಾ” ಎಂದೆ.

ಅವನು ಆ ದಿನ ಓಡಿಸಿದಂತೆ ಯಾವತ್ತೂ ಓಡಿಸಿರಲಿಲ್ಲ. ಊರು ದಾಟುವುದರಲ್ಲೇ ಪೇಠೆಯ ಹುಡುಗರು ಹಿಂದೆ ಬಿದ್ದರು. ಉಳಿದವರು ನಾವಿಬ್ಬರೇ, ಎಂದಿನಂತೆ ಎಂಜಿನ್ನು ಮತ್ತು ಡಬ್ಬಿ. ನನ್ನ ಕಣ್ಣು ಅವನ ಹಿಂದಿನ ಗಾಲಿಯ ಮೇಲೆಯೇ. ಅರ್ಧ ದಾರಿಯಲ್ಲಿ ವಳಸಂಗ ಊರು ದಾಟಿದ ಮೇಲೆ ಅದು ನೆಲಕ್ಕೆ ಅಗಲವಾಗಿ ಕೂರತೊಡಗಿತು. ಅವನು ಒಮ್ಮೆ ಬಗ್ಗಿ ನೋಡಿದ. ಮತ್ತೆ ಎದ್ದು ನಿಂತು ತುಳಿದ. ಸ್ವಲ್ಪ ದೂರದಲ್ಲಿ ಚಪ್ಪಟೆಯಾದ ಟೈರಿನ ಮೇಲೆ ರಿಮ್ಮು ಕುಟ್ಟುವ ಸದ್ದು ಬಂತು. ಇಳಿದ.

ಅಲ್ಲಿ ನಾನು ಬ್ರೇಕ್ ಹಿಡಿದೆ. ಯಾಕೆ ಹಿಡಿದೆ? ಇವತ್ತಿಗೂ ಸರಿಯಾಗಿ ಹೇಳಲಾರೆ. ಕನಿಕರವಲ್ಲ. ನಾನು ಮಾಡಿದ್ದು ಕಣ್ಣೆದುರಿಗೆ ನಡೆದಾಗ ಕೈ ತಾನಾಗಿ ಬ್ರೇಕಿಗೆ ಹೋಯಿತು, ಅಷ್ಟೇ. ಸೈಕಲ್ ನಿಂತಿತು. ಅವನು ನನ್ನ ಮುಖ ನೋಡಿದ. ನಾನು ಅವನಿಗಾಗಿ ನಿಂತೆ ಎಂದು ತಿಳಿದ.

“ನಿಂತಿ ಅಂದ್ರ ಚಪ್ಲಿಲೆ ಹೊಡೀತೀನಿ ಮಗನ! ನಂದ ಮುಗೀತು, ನೀ ಹೋಗು! ಅವರು ಬರಾಕತ್ತಾರ! ಹೋಗೋ!”

ಓಡಿಬಂದು ನನ್ನ ಬೆನ್ನಿಗೆ ಕೈಯಿಟ್ಟು ನೂಕಿದ. ಆ ಕೈಯ ಒತ್ತು ಎಷ್ಟು ದೂರ ಒಯ್ಯಿತೆಂದರೆ... ನಾನು ಗೆದ್ದೆ. ಮುಂದೆ ಯಾರ ಬೆನ್ನೂ ಇಲ್ಲದ ರಸ್ತೆ ಕಂಡೆ. ಅದರಲ್ಲಿ ನೋಡುವಂಥದ್ದು ಏನೂ ಇರಲಿಲ್ಲ.

ಅವನು ಸೈಕಲ್ ಹೆಗಲ ಮೇಲೆ ಹೊತ್ತು ಗಿರಣಿ ಗೇಟಿಗೆ ಬಂದಾಗ ಪೆಂಡಾಲು ಬಿಚ್ಚುತ್ತಿದ್ದರು. ನನ್ನನ್ನು ಎತ್ತಿ ತಿರುಗಿಸಿದ. ಅಲ್ಲಿದ್ದವರಿಗೆಲ್ಲ, “ಇವ ಗೆದ್ದಿದ್ದ ದೊಡ್ಡದಲ್ರಿ, ನನ್ನ ಗಾಲಿ ಕೂತಾಗ ಇವ ಬ್ರೇಕ್ ಹಿಡದಾ. ಇಂಥಾ ರೇಸಿನ್ಯಾಗ ಯಾರ ಹಿಡೀತಾರ ಹೇಳ್ರಿ?” ಎಂದ.

ಅಲ್ಲಿಂದ ಆ ಕತೆ ಶುರುವಾಯಿತು.

ಗಿರಣಿಯಲ್ಲಿ ನನಗೆ ಕೆಲಸವಾಯಿತು. ಅವನು ಮಗ್ಗದಲ್ಲೇ ಉಳಿದ. ಕುರನೂರಿನವರು ಲಗ್ನ ಮುಂದಕ್ಕೆ ಹಾಕಿದರು. ಹುಡುಗಿಗೆ ಬೇರೆ ಗಂಡು ತೋರಿಸಿದರು, ಅವಳು ಒಪ್ಪಲಿಲ್ಲ. ವರ್ಷಗಳು ಹೋದ ಮೇಲೆ, ಅವಳ ತಂದೆ ಸೋತು ಕೈಚೆಲ್ಲಿದ ಮೇಲೆ ಅವರಿಬ್ಬರ ಲಗ್ನವಾಯಿತು. ನನ್ನ ಲಗ್ನ ಅವನದಕ್ಕಿಂತ ಮೊದಲೇ ಆಗಿತ್ತು. ಅದರಲ್ಲೂ ಅವನು ಬೀಗರ ನಡುವೆ ಕೂತು ಬ್ರೇಕ್ ಹಿಡಿದ ಕತೆ ಹೇಳಿದ.

“ಸುಮ್ನಿರಣ್ಣಾ,” ಎಂದೆ.

“ನೋಡ್ರಿ, ಹೇಳಿದ್ರ ನಾಚತಾನ!” ಎಂದ. ಎಲ್ಲರೂ ನಕ್ಕರು. ನನ್ನ ಹೆಂಡತಿ ಸೆರಗಿನ ಮರೆಯಿಂದ ನನ್ನನ್ನು ನೋಡಿದಳು. ಒಳ್ಳೆಯವನ ಕೈಗೆ ಬಿದ್ದೆ ಎಂದುಕೊಂಡಿರಬೇಕು.

ನಿಜ ಹೇಳಬೇಕೆಂದು ಎಷ್ಟೋ ಸಲ ಹೋದೆ. ಚಹಾ ಕುಡಿಯುತ್ತ ಬಾಯಿ ತೆರೆಯುವಷ್ಟರಲ್ಲಿ ಅವನು ಇನ್ನೇನೋ ತೆಗೆಯುತ್ತಿದ್ದ. ಹಳೆಯ ಕೆಂಪು ಸೈಕಲ್ಲಿಗೆ ಹೊಸ ಚೈನು ಹಾಕಿದ್ದು, ಮಗ ಕತ್ತರಿ ತುಳಿಯಲು ಕಲಿತದ್ದು, ಮಗನ ಮುಂದೆ ತಾನು ಹಿಂದೆ ಹಿಂದೆ ಓಡಿ ಬಾವಿಯ ಕಟ್ಟೆಗೆ ತಲೆ ತಾಗಿಸಿಕೊಂಡದ್ದು... ನಾನೂ ನಗುತ್ತ ಕೂತುಬಿಡುತ್ತಿದ್ದೆ. ಅವನ ಜೊತೆ ನಗುವುದು ಸುಲಭವಿತ್ತು. ಮುಂದೆ ಗಿರಣಿ ಮುಚ್ಚಿತು. ಅದು ಮುಚ್ಚುವ ಹೊತ್ತಿಗೆ ನಾನು ಅದರ ಸಂಬಳದ ಮೇಲೆ ಮನೆ ಕಟ್ಟಿಕೊಂಡಿದ್ದೆ, ಮಕ್ಕಳನ್ನು ಓದಿಸಿದ್ದೆ. ಅವನು ಎದೆಯಲ್ಲಿ ಮಗ್ಗದ ಧೂಳು ತುಂಬಿಕೊಂಡು ಕರಜಗಿಗೆ ಮರಳಿದ. ಕೊನೆಗೆ ನೋಡಲು ಹೋದಾಗ ಅವನಿಗೆ ಒಂದು ಮಾತು ಆಡಲು ಎರಡು ಸಲ ಉಸಿರು ತಗೊಳ್ಳಬೇಕಾಗಿತ್ತು. ಆಗಲೂ ಹಾಸಿಗೆಯ ಬದಿಗೆ ಕೂತಿದ್ದ ಯಾರಿಗೋ ನನ್ನನ್ನು ತೋರಿಸಿ, “ಇವನ... ಬ್ರೇಕ್ ಹಿಡದವ” ಎಂದ. ಆಗಲೂ ನಾನು ಹೇಳಲಿಲ್ಲ. ಸಾಯುವವನ ನೆಮ್ಮದಿ ಕೆಡಿಸಬಾರದು ಎಂದುಕೊಂಡೆ. ಕೆಡುತ್ತಿದ್ದದ್ದು ನನ್ನ ನೆಮ್ಮದಿ.

ಆಟೋ ರಿಪೇರಿಯಾದ ದಿನ ಗುಳಿಗೆ ತಗೊಂಡು ಮನೆಗೆ ಬಂದೆ. ಎರಡು ದಿನ ಬಿಟ್ಟು ಎಸ್ಟಿ ಬಸ್ಸು ಹಿಡಿದು ಕರಜಗಿಗೆ ಹೋದೆ. ಅವನ ಹೆಂಡತಿಗೆ ನಾನು ವೈನಿ ಎನ್ನುತ್ತೇನೆ, ಅವರು ನನಗೆ ಭಾವೂಜಿ ಎನ್ನುತ್ತಾರೆ. ಅಂಗಳದಲ್ಲಿ ತೊಗರಿ ಹಸನು ಮಾಡುತ್ತ ಕೂತಿದ್ದರು. ಚಹಾ ಬೇಡವೆಂದು ಕೂತು, ಎಲ್ಲವನ್ನೂ ಹೇಳಿದೆ. ಮುಳ್ಳು, ಗುಳ್ಳೆ, ಸುಮ್ಮನಿದ್ದದ್ದು.

ಅವರು ತೊಗರಿ ಕೇರುವುದನ್ನು ನಿಲ್ಲಿಸಿ ಮೊರ ಕೆಳಗಿಟ್ಟರು. ಒಂದು ಹರಳು ಆರಿಸಿ ಆಚೆ ಎಸೆದರು.

“ಅವರಿಗಿ ಹೇಳಿದ್ರ ಏನಂತಿದ್ರು ಗೊತ್ತದ ಏನ್ರಿ ಭಾವೂಜಿ?” ಎಂದರು. “ನಗತಿದ್ರು. ‘ಹುಚ್ಚ ಖೋಡಿ, ಮುಳ್ಳ ಕಿತ್ತಿ, ಪಂಪ ಆದ್ರೂ ತರಬೇಕಿಲ್ಲೇನು?’ ಅಂತಿದ್ರು. ನಕ್ಕು ಬಿಟ್ಟಬಿಡತಿದ್ರು.”

ನನ್ನ ಕಣ್ಣಲ್ಲಿ ನೀರು ಬಂತು.

“ನಾ ನಗಾಂಗಿಲ್ರಿ,” ಎಂದರು. “ನಮ್ಮಪ್ಪನ ಮನ್ಯಾಗ ಅಷ್ಟ ವರ್ಷ ಎಲ್ಲಾರ ಮಾತ ತಿಂದ ಕೂತಾಕಿ ನಾನು. ಆಮ್ಯಾಲೆ ಅವರ ಉಸಿರ ಎಣಿಸಿದಾಕೀನೂ ನಾನ. ನನಗ ಅದು ಬರೇ ರೇಸ್ ಅಲ್ರಿ.” ಮತ್ತೆ ಮೊರ ಎತ್ತಿಕೊಂಡರು. “ಮಗಾ ಸಂಜೀಕ ಬರ್ತಾನ. ಅಪ್ಪನ ಗೆಳೆಯಾ ಅಂದ್ರ ದೇವರು ಅಂತ ತಿಳಕೊಂಡಾನ. ಅವನಿಗೆ ನೀವ ಹೇಳ್ರಿ. ನನ್ನ ಕಡಿಂದ ಹೇಳಿಸಬ್ಯಾಡ್ರಿ.”

ಕಟ್ಟೆಯ ಮೇಲೆ ಕೂತು ಕಾದೆ. ಮಗ ಎಸ್ಟಿಯಲ್ಲಿ ಕಂಡಕ್ಟರ್. ಖಾಕಿ ಬಟ್ಟೆಯಲ್ಲೇ ಬಂದ. “ಕಾಕಾ, ಕವ್ಹಾ ಆಲಾತ, ಯಾವಾಗ ಬಂದ್ರಿ? ಫೋನ್ ಮಾಡಬಾರ್ದೇನ್ರಿ?” ಎನ್ನುತ್ತ, ಎಂದಿನಂತೆ ಕಾಲು ಮುಟ್ಟಲು ಬಗ್ಗಿದ. ಅವನ ಹೆಗಲು ಹಿಡಿದು ತಡೆದೆ.

“ಬ್ಯಾಡಪ್ಪಾ. ಮೊದ್ಲ ನಾ ಹೇಳೂದ ಕೇಳು.”

ನಿಂತೇ ಕೇಳಿದ. ಅರ್ಧ ಕನ್ನಡ, ಅರ್ಧ ಮರಾಠಿಯಲ್ಲಿ ಹೇಳಿದೆ. ಮುಗಿದ ಮೇಲೆ ಅವನು ಒಳಬಾಗಿಲಲ್ಲಿದ್ದ ತಾಯಿಯ ಮುಖ ನೋಡಿದ. ಅವರು ಬೇರೆ ಕಡೆ ನೋಡುತ್ತಿದ್ದರು.

ಅವನು ಮತ್ತೆ ಬಗ್ಗಲಿಲ್ಲ.

“ಕಡೀ ಬಸ್ಸಿಗಿ ಹೊತ್ತಾತು ಕಾಕಾ, ನಡ್ರಿ” ಎಂದ. ಸ್ಟ್ಯಾಂಡಿನ ತನಕ ನನ್ನ ಚೀಲ ಹಿಡಿದುಕೊಂಡು ಜೊತೆಗೇ ಬಂದ. ಕಿಟಕಿಯ ಹತ್ತಿರ ಸೀಟು ಹಿಡಿದುಕೊಟ್ಟ. ಬಸ್ಸು ಹೊರಡುವಾಗ ಏನೋ ಕೇಳಬೇಕೆಂದವನಂತೆ ಒಂದು ಹೆಜ್ಜೆ ಮುಂದೆ ಬಂದ, ಬಸ್ಸಿನ ಮೈಗೆ ಎರಡು ಸಲ ಬಡಿದು ಹಿಂದೆ ಸರಿದ.

ಅಣ್ಣ ಹೇಳಿದ ಆ ಕತೆ ಸೊಲ್ಲಾಪುರದಲ್ಲಿ, ಅಕ್ಕಲಕೋಟದಲ್ಲಿ, ಕರಜಗಿಯಲ್ಲಿ ನನ್ನ ವಯಸ್ಸಿನ ಎಷ್ಟೋ ಜನರಿಗೆ ಇನ್ನೂ ನೆನಪಿದೆ. ಮೊನ್ನೆಯೂ ಒಬ್ಬರು ಎತ್ತಿದರು. ಅವರೆಲ್ಲರಿಗೂ ತಿಳಿಯಲೆಂದು ಇದನ್ನು ಬರೆದಿದ್ದೇನೆ. ವೈನಿಗೆ ಹೇಳಿದೆ, ಮಗನಿಗೆ ಹೇಳಿದೆ, ಈಗ ನಿಮಗೆ ಹೇಳಿದೆ. ಕೇಳಿ ನಗಬಹುದಾಗಿದ್ದವನು ಒಬ್ಬನೇ ಇದ್ದ. ಅವನಿಗೊಬ್ಬನಿಗೆ ಹೇಳಲಿಲ್ಲ.